ಮಗ್ಗದ ಮೇಲಿನ ಹಳದಿ ಬಲ್ಬು

ನಾಗರ ಪಂಚಮಿಗೆ ತವರಿಗೆ ಹೋಗಿ ಬಂದ ಮರುದಿನ ಉಂಡಿಗಳನ್ನು ಡಬ್ಬಿಗೆ ತುಂಬಿಡುವುದು ನನ್ನ ಮಟ್ಟಿಗೆ ಹಬ್ಬದ ಕೊನೆಯ ವಿಧಿ. ಶೇಂಗಾ ಉಂಡಿ ಒಂದು ಡಬ್ಬಿಗೆ, ಎಳ್ಳುಂಡಿ ಇನ್ನೊಂದಕ್ಕೆ, ಮುರಿದವೆಲ್ಲ ಬಾಯಿಗೆ. ಈ ಸಲ ಮೂರನೆಯ ಡಬ್ಬಿ ಹುಡುಕುತ್ತ ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿದರೆ ಸಾಸಿವೆ ಡಬ್ಬಿಯ ಹಿಂದೆ ನುಣ್ಣಗಿನದೇನೋ ತಾಕಿತು. ತೆಗೆದು ನೋಡಿದೆ, ಬಲ್ಬು. ಈಗಿನ ಬಿಳಿ ಪ್ಲಾಸ್ಟಿಕ್ಕಿನದಲ್ಲ. ಹಳೆಯ ಗಾಜಿನದು, ಒಳಗೆ ಕೂದಲೆಳೆಯಂಥ ತಂತಿ ಇರುವ, ಹಳದಿ ಬೆಳಕು ಕೊಡುವ, ಮುಟ್ಟಿದರೆ ಕೈ ಸುಡುವ ಜಾತಿಯದು. ನೆತ್ತಿಯ ಮೇಲೆ ಹತ್ತಿಯ ಧೂಳು ಇನ್ನೂ ಹಾಗೇ ಕೂತಿತ್ತು. ಅದು ನಮ್ಮಣ್ಣನ ಮಗ್ಗದ ಮೇಲೆ ಉರಿಯುತ್ತಿದ್ದ ಬಲ್ಬು. ಇಳಕಲ್ಲಿನಿಂದ ಅದು ಬಾಗಲಕೋಟೆಗೆ, ವಿದ್ಯಾಗಿರಿಯ ನನ್ನ ಅಡಿಗೆಮನೆಗೆ ಹೇಗೆ ಬಂತು ಎಂದು ಹೇಳಹೋದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ ಬಿಡಿ, ನಿವೃತ್ತಿಯಾದ ಮೇಲೆ ಅದನ್ನು ಇಟ್ಟುಕೊಂಡಾದರೂ ಏನು ಮಾಡಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ವಿದ್ಯುತ್ತಿನ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಬಲ್ಬು ಕಂಡುಹಿಡಿದ ಆ ಅಮೆರಿಕದ ಮಹಾಶಯ ಎಷ್ಟು ಸಲ ಸೋತ ಎಂಬ ಲೆಕ್ಕ ಆಯಾ ವರ್ಷದ ನನ್ನ ಹುಮ್ಮಸ್ಸನ್ನು ಅವಲಂಬಿಸಿರುತ್ತಿತ್ತು. ಒಂದು ವರ್ಷ ಅವನನ್ನು ಸಾವಿರ ಸಲ ಸೋಲಿಸಿದರೆ, ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದ ವರ್ಷ ಹತ್ತು ಸಾವಿರ ಸಲ ಸೋಲಿಸಿದ್ದೇನೆ. ಖರೇ ಹೇಳಬೇಕೆಂದರೆ ಬಲ್ಬು ಅವನೊಬ್ಬನ ಸಾಹಸವೂ ಅಲ್ಲ. ಅವನಿಗಿಂತ ಮೊದಲೇ ಎಷ್ಟೋ ಜನ ತಂತಿಗೆ ಕರೆಂಟು ಹರಿಸಿ ಅದನ್ನು ಕಾಯಿಸಿ ಬೆಳಕು ತಂದಿದ್ದರು. ಬೆಳಗುವುದೇನೋ ಬೆಳಗುತ್ತಿತ್ತು, ಆದರೆ ಗಾಳಿ ತಾಕಿ ಸುಟ್ಟು ಹೋಗುತ್ತಿತ್ತು. ಗಾಜಿನ ಬುರುಡೆಯೊಳಗಿನ ಗಾಳಿ ಹೀರಿ ತೆಗೆಯಬೇಕು, ತಾಳಿಕೊಂಡು ಉರಿಯುವ ಒಂದು ಎಳೆ ಹುಡುಕಬೇಕು, ಅದೇ ಎಲ್ಲರ ಗೋಳು. ಕೊನೆಗೆ ಆ ಮಹಾಶಯನ ಕೈ ಹಿಡಿದದ್ದು ಯಾವುದು ಗೊತ್ತೆ? ಹತ್ತಿಯ ನೂಲು. ನೂಲನ್ನು ಗಾಳಿ ಸೋಕದಂತೆ ಸುಟ್ಟು, ಇದ್ದಿಲಾಗಿಸಿ, ಗಾಜಿನೊಳಗೆ ಕೂಡಿಸಿದರು. ಅದು ತಾಸುಗಟ್ಟಲೆ ಉರಿಯಿತು. ಬಿದಿರಿನ ಎಳೆ ಬಂದದ್ದು ಆಮೇಲೆ, ಈಗಿನ ಲೋಹದ ತಂತಿ ಬಂದದ್ದು ಇನ್ನೂ ಆಮೇಲೆ. ಈ ಮಾತು ಬಂದಾಗಲೆಲ್ಲ ನೇಕಾರರ ಮಗಳಾದ ನಾನು, ಆ ನೂಲು ನಮ್ಮ ಮನೆಯಿಂದಲೇ ಹೋಗಿತ್ತೇನೋ ಎಂಬ ಗತ್ತಿನಲ್ಲಿ ಕ್ಲಾಸಿನ ಕಡೆ ನೋಡುತ್ತಿದ್ದೆ.

ನಮ್ಮದು ಇಳಕಲ್ಲಿನ ಒಂದು ಓಣಿಯಲ್ಲಿ ಕುಣಿಮಗ್ಗದ ಮನೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕೋಣೆಗೆ ಕಿಟಕಿ ಇತ್ತು, ಆದರೆ ಅದು ಬೆಳಕಿಗಿಂತ ಓಣಿಯ ಸುದ್ದಿಯನ್ನೇ ಹೆಚ್ಚಾಗಿ ಒಳಗೆ ಬಿಡುತ್ತಿತ್ತು. ಹೀಗಾಗಿ ಮಟಮಟ ಮಧ್ಯಾಹ್ನವೂ ಮಗ್ಗದ ಮೇಲೊಂದು ಬಲ್ಬು ಉರಿಯಬೇಕು. ತೊಲೆಯಿಂದ ಇಳಿಬಿಟ್ಟ ವೈರು, ಅದಕ್ಕೆ ಕಟ್ಟಿದ ನೂಲಿನ ಹುರಿ. ಹುರಿ ಜಗ್ಗಿ ಮೊಳೆಗೆ ಸುತ್ತಿದರೆ ಬಲ್ಬು ಸೀರೆಯ ಈ ಅಂಚಿನ ದಡಿಯ ಮೇಲೆ, ಬಿಟ್ಟರೆ ಆ ದಡಿಯ ಮೇಲೆ. ಅದು ಹೊತ್ತಿದಾಗಲೆಲ್ಲ ನಮ್ಮಜ್ಜಿ ಕೈ ಮುಗಿಯುತ್ತಿದ್ದಳು. ಕರೆಂಟು ಹಗಲಿಗೆ ಹತ್ತು ಸಲ ಹೋಗಿ ಬರುತ್ತಿದ್ದುದರಿಂದ ಓಣಿಯಲ್ಲಿ ಅವಳಷ್ಟು ಭಕ್ತಿವಂತರು ಬೇರೊಬ್ಬರಿರಲಿಲ್ಲ.

ಇಡೀ ಮನೆಗೆ ಒಳ್ಳೆಯ ಬೆಳಕೆಂದರೆ ಅದೊಂದೇ. ನಾನು ಪುಸ್ತಕ ಹಿಡಿದು ಹೋಗಿ ಮಗ್ಗದ ಅಂಚಿಗೇ ನಿಲ್ಲುತ್ತಿದ್ದೆ. ನನ್ನ ಎರಡು ಜಡೆಗಳ ನೆರಳು ನೇಯುತ್ತಿದ್ದ ಸೀರೆಯ ಮೇಲೆ ಬೀಳುತ್ತಿತ್ತು. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಆಗಲೇ ಅಪ್ಪನ ಸರಿಸಮ ಮಗ್ಗಕ್ಕೆ ಕೂತವನು. ತಲೆ ಎತ್ತದೆ ಹೇಳುತ್ತಿದ್ದ: “ಏ, ಅತ್ತಾಗ ಸರಿ. ಬೆಳಕಿಗೆ ಅಡ್ಡ ನಿಂತೀ.” ಚಿಕ್ಕಂದಿನಲ್ಲಿ ಈ ಮಾತು ಕೇಳಿದಷ್ಟು ಸಲ ನನ್ನ ಹೆಸರನ್ನೂ ನಾನು ಕೇಳಿಲ್ಲ.

ಸಾಲಿಯಲ್ಲಿ ಬಲ್ಬಿನ ಪಾಠ ಕಲಿತ ದಿನ ಓಡೋಡಿ ಬಂದು ಅಪ್ಪನಿಗೆ ನೂಲಿನ ಸುದ್ದಿ ಹೇಳಿದೆ. ಅಪ್ಪ ಎಳೆಗಳ ನಡುವೆ ಅತ್ತಿತ್ತ ಓಡುತ್ತಿದ್ದ ಲಾಳಿ ನಿಲ್ಲಿಸಿದ. ಅವನು ಲಾಳಿ ನಿಲ್ಲಿಸಿದ್ದೇ ದೊಡ್ಡ ಗೌರವ.

“ನೂಲು ಸುಟ್ಟು ಬೆಳಕ ಮಾಡಿದ್ರಾ? ಎಷ್ಟನೇ ನಂಬರಿನ ನೂಲು?”

“ಅದು ಪುಸ್ತಕದಾಗಿಲ್ಲಪ್ಪ.”

“ಮತ್ತ ಅದೆಂಥಾ ಪುಸ್ತಕ? ನೂಲಿನ ನಂಬರ ಹೇಳದನ ಮಾತ ಮುಗಿಸ್ಯಾರ,” ಎಂದು ಅಪ್ಪ ಮತ್ತೆ ನೇಯತೊಡಗಿದ. ಅವನ ದೃಷ್ಟಿಯಲ್ಲಿ ಅಮೆರಿಕದ ವಿಜ್ಞಾನ ಅಲ್ಲಿಗೆ ನಪಾಸಾಯಿತು.

ಅಣ್ಣ ಮಾತ್ರ ಬಿಡಲಿಲ್ಲ. ಆ ವಾರ ಮಗ್ಗಕ್ಕೆ ರಜೆ ಇದ್ದ ದಿನ ನಾವಿಬ್ಬರೂ ಒಂದು ಮೊಳ ನೂಲು ಕದ್ದು, ಹಸಿಮಣ್ಣಿನಲ್ಲಿ ಮುಚ್ಚಿ ಅವ್ವನ ಒಲೆಯೊಳಗೆ ಹುಗಿದೆವು. ಅವ್ವ ರೊಟ್ಟಿ ಸುಡುವಾಗ ನಾವು ನಡುನಡುವೆ ಕಡ್ಡಿ ಹಾಕಿ ಕೆದಕುತ್ತಿದ್ದೆವು. ರೊಟ್ಟಿ ಕರಕಾದವು, ನಮ್ಮ ಬೆನ್ನು ಕೆಂಪಾದವು. ಮಣ್ಣು ಒಡೆದು ನೋಡಿದರೆ ಒಳಗೆ ನಿಜವಾಗಿಯೂ ಕರ್ರಗಿನ ಒಂದು ಎಳೆ ಇತ್ತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಆಮೇಲೆ ನಾನು ಉಸಿರು ಬಿಟ್ಟೆ, ಎಳೆ ಬೂದಿಯಾಗಿ ಹಾರಿಹೋಯಿತು. “ನೀನರ ಒಂದ ಗಳಿಗಿ ಸುಮ್ನಿರಬಾರದಾಗಿತ್ತಾ?” ಎಂದು ಅಣ್ಣ ಎಷ್ಟೋ ದಿನ ಹಂಗಿಸಿದ. ನನ್ನ ಉಸಿರೊಂದು ಇರದಿದ್ದರೆ ಇಳಕಲ್ಲಿನಲ್ಲೂ ಬಲ್ಬು ಹುಟ್ಟುತ್ತಿತ್ತು ಎಂದೇ ಅವನ ನಂಬಿಕೆ.

ಅಂದಿನಿಂದ ಮಗ್ಗದ ಬಲ್ಬಿನ ಯಜಮಾನಿಕೆ ಅಣ್ಣನದಾಯಿತು. ಬಲ್ಬಿನೊಳಗಿನ ತಂತಿ ಹರಿದರೆ ಅದನ್ನು ಎಸೆಯುವ ಮಾತಿಲ್ಲ. ಅಣ್ಣ ಅದನ್ನು ಬೆಳಕಿಗೆ ಹಿಡಿದು, ಹರಿದ ತುದಿ ಎಲ್ಲಿದೆ ನೋಡಿ, ಮೆಲ್ಲಗೆ ವಾಲಿಸಿ ವಾಲಿಸಿ ಒಂದು ತುದಿಯನ್ನು ಇನ್ನೊಂದರ ಮೇಲೆ ಒರಗಿಸುತ್ತಿದ್ದ. ಹಾಗೇ ಹಿಡಿದು ಕರೆಂಟು ಕೊಟ್ಟರೆ ತುದಿಗಳು ಕರಗಿ ಬೆಸೆದುಕೊಂಡು ಬಲ್ಬು ಮತ್ತೆ ಹೊತ್ತುತ್ತಿತ್ತು. ಓಣಿಯವರೆಲ್ಲ ಸತ್ತ ಬಲ್ಬುಗಳನ್ನು ಅವನ ಹತ್ತಿರ ತರುತ್ತಿದ್ದರು. ಹರಿದ ಎಳೆ ಕೂಡಿಸುವುದು ಹುಟ್ಟಿನಿಂದ ಬಂದ ಕೆಲಸ, ನೂಲಾದರೇನು ತಂತಿಯಾದರೇನು ಎಂಬ ಧೈರ್ಯ ಅವನದು.

ಇನ್ನೊಂದು ವಿದ್ಯೆಯನ್ನೂ ಅವನೇ ನನಗೆ ಕಲಿಸಿದ. ಹಳದಿ ಬೆಳಕಿನಲ್ಲಿ ಬಣ್ಣಗಳು ಸುಳ್ಳು ಹೇಳುತ್ತವೆ. ಬಿಳಿ ಕಂಡದ್ದು ತಿಳಿಹಳದಿ ಇರಬಹುದು, ಮಣ್ಣಿನ ಬಣ್ಣದಂತೆ ಕಂಡದ್ದು ನೇರಳೆ, ಕರ್ರಗೆ ಕಂಡದ್ದು ಕಡುನೀಲಿ. ನೇಕಾರರು ಈ ಸುಳ್ಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಲಾಳಿಯೊಳಗೆ ಇಡುವ ನೂಲಿನ ಸುರುಳಿಗೆ ನಾವು ಕಂಡಿಕಿ ಎನ್ನುತ್ತೇವೆ. ಕಡುನೀಲಿ ಬೇಕಾದಾಗ ಅಣ್ಣನ ಕೈ ಕಂಡಿಕಿಯ ಬುಟ್ಟಿಯಲ್ಲಿ ಕರ್ರಗೆ ಕಂಡದ್ದಕ್ಕೆ ಸರ್ರನೆ ಹೋಗುತ್ತಿತ್ತು. ಖರೇ ಕಪ್ಪು ನೂಲು ಬೆರೆಯಬಾರದೆಂದು ಅದಕ್ಕೆ ಬೇರೆಯೇ ಬುಟ್ಟಿ, ಅದು ಆಚೆ ಗೂಡಿನಲ್ಲಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆ ನೋಡಿ, ಅದಕ್ಕೇ ಮರ್ಯಾದೆಯ ಮಾತು ಮೊದಲೇ ಎತ್ತಿದ್ದು.

ಈ ವರ್ಷ ಕಾರಹುಣ್ಣಿಮೆಗೆ ಇಳಕಲ್ಲಿಗೆ ಹೋಗುವಾಗ ನಾನೊಂದು ಹೊಸ ಎಲ್‌ಇಡಿ ಬಲ್ಬು ಒಯ್ದೆ. ಅಣ್ಣನಿಗೆ ಎಪ್ಪತ್ತು ದಾಟಿದೆ, ಈಗಲೂ ಅದೇ ಕುಣಿಯಲ್ಲಿ ಕೂರುತ್ತಾನೆ, ಅದೇ ಹಳದಿ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನೇಯುತ್ತಾನೆ. ನನಗೆ ಸಂಕಟವಾಯಿತು. ಸಂಕಟವಾದಾಗ ನಾನು ಪಾಠ ಮಾಡುತ್ತೇನೆ.

“ಅಣ್ಣಾ, ಇದ್ಯಾವ ಕಾಲದ ಬಲ್ಬು? ಕರೆಂಟೆಲ್ಲ ಬರೇ ಕಾಯಾಕ ಹೋಗ್ತೈತಿ, ಬೆಳಕು ಚೂರ.”

“ಥಂಡ್ಯಾಗ ತಲಿ ಬೆಚ್ಚಗಿರ್ತೈತಿ ಬಿಡು,” ಎಂದ ಅಣ್ಣ.

ನಾನು ಕೇಳುವವಳೇ? ಸ್ಟೂಲು ಹತ್ತಿ ಹಳೆಯದನ್ನು ಒತ್ತಿ ತಿರುವಿ ತೆಗೆದೆ, ಹೊಸದನ್ನು ಕೂಡಿಸಿದೆ. ಬಟನ್ ಒತ್ತಿದ ಕೂಡಲೇ ಕೋಣೆ ಹಾಲಿನಲ್ಲಿ ತೊಳೆದಂತಾಯಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ಬಂದು ಕಣ್ಣರಳಿಸಿದಳು. “ಈಗರೆ ಮನಿ ಕಂಡ್ತು ನೋಡ್ರಿ. ಅಯ್ಯ, ಮ್ಯಾಲ ಎಷ್ಟು ಜೇಡರಬಲಿ ಕಟ್ಟೈತಿ.” ಅಣ್ಣ ಒಂದೆರಡು ಸಲ ಕಣ್ಣು ಪಿಳುಕಿಸಿ, “ಅಕ್ಕೋರು ಹೇಳಿದ್ರ ಆತು,” ಎಂದು ಸುಮ್ಮನಾದ. ಟೀಚರಾದ ಮೇಲೆ ನನ್ನನ್ನು ಚುಡಾಯಿಸುವುದಕ್ಕೆ ಅವನು ಬಳಸುವುದು ಸಾಲಿ ಮಕ್ಕಳು ಟೀಚರನ್ನು ಕರೆಯುವ ಈ ಅಕ್ಕೋರು. ಇಲ್ಲಿ ಬಾಗಲಕೋಟೆಯ ಒಂದು ಸಾಲಿಯವರು ಬಲ್ಬಿನ ಇತಿಹಾಸದ ಬಗ್ಗೆ ಮಾತಾಡಲು ಕರೆದಿದ್ದರು, ಮಕ್ಕಳಿಗೆ ತೋರಿಸಲು ಆದೀತೆಂದು ಹಳೆಯ ಬಲ್ಬನ್ನು ನಾನು ಚೀಲಕ್ಕೆ ಹಾಕಿಕೊಂಡು ಬಂದೆ. ಭಾಷಣ ಜೋರಾಯಿತು. ಅವತ್ತು ಆ ಮಹಾಶಯ ಎಷ್ಟು ಸಲ ಸೋತನೆಂದು ಹೇಳುವುದಿಲ್ಲ, ನನಗೇ ನಾಚಿಕೆ.

ಪ್ರತಿ ಪಂಚಮಿಗೂ ಅಣ್ಣ ನನಗೊಂದು ಸೀರೆ ಕೊಡುತ್ತಾನೆ. ಅಂಗಡಿಯಿಂದ ತಂದದ್ದಲ್ಲ, ತಾನೇ ಕೂತು ನೇಯ್ದದ್ದು. ನನ್ನ ಮದುವೆಯಾದ ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಈ ಸಲ ಕಡುನೀಲಿ ಒಡಲು, ಕೆಂಪು ದಡಿ, ಕೆಂಪು ಸೆರಗು. ಉಂಡಿ ತಿಂದ ಕೈ ತೊಳೆದುಕೊಂಡು ಸೀರೆ ತೆಗೆದುಕೊಂಡೆ, ಬೆಳಕಿನಲ್ಲಿ ನೋಡೋಣವೆಂದು ಅಂಗಳಕ್ಕೆ ಬಂದು ಬಿಚ್ಚಿದೆ. ನೀಲಿಯ ನಡುವೆ ಎರಡು ಬೆರಳಗಲ ಕಪ್ಪು ಪಟ್ಟಿ ಅಡ್ಡ ಹಾದಿತ್ತು. ಸ್ವಲ್ಪ ಮುಂದೆ ಅಂಥದೇ ಇನ್ನೊಂದು.

ನಾನು ಥಟ್ಟನೆ ಮಡಚಿದೆ. ಆದರೆ ಬಾಗಿಲಲ್ಲಿ ನಿಂತಿದ್ದ ಅಣ್ಣ ನೋಡಿಬಿಟ್ಟಿದ್ದ. ಹತ್ತಿರ ಬಂದು ಆ ಪಟ್ಟಿಯ ಮೇಲೆ ಬೆರಳಾಡಿಸಿದ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅಪ್ಪ ತೀರಿಕೊಂಡಾಗಲೂ ನೋಡಿರಲಿಲ್ಲ.

“ಹಬ್ಬದಾಗ ತಂಗಿಗೆ ಕರೀದು ನೇಯ್ದ ಕೊಟ್ಟೆ.”

“ದೃಷ್ಟಿ ತಾಗಬಾರದಂತ ಬೊಟ್ಟು ಇಟ್ಟಂಗಾತು ಬಿಡ್ರಿ,” ಎಂದಳು ವೈನಿ.

“ನೇಯುವಾಗ ಸಂಶೇ ಬಂದಿತ್ತು. ಹೊಸಾ ಬೆಳಕಿನಾಗ ಹಿಂಗ ಕಾಣತೈತೇನೋ ಅಂತ ಸುಮ್ನಾದೆ. ಬೆಳಕಿಂದಲ್ಲ ತಪ್ಪು. ನನ್ನ ಕಣ್ಣ ಹೋದುವು.”

“ದವಾಖಾನಿಗೆ ಹೋಗೂಣ ನಡಿ ಅಣ್ಣಾ.”

“ಹೋಗಿ ಬಂದೇನಿ. ಕಣ್ಣ ಛಲೋ ಅದಾವ ಅಂದ್ರು. ಅವರು ಅಕ್ಷರ ಓದಸ್ತಾರ. ನಾ ಏನ ಅಕ್ಷರ ನೇಯ್ತೇನೇನು?”

ಅವತ್ತೇ ಸಂಜೆಯೊಳಗೆ ಅಣ್ಣ ಲಾಳಿಗಳನ್ನೆಲ್ಲ ಒಂದು ಹಿಟ್ಟಿನ ಚೀಲಕ್ಕೆ ಹಾಕಿ ಅಟ್ಟಕ್ಕೇರಿಸಿದ. ಇನ್ನು ಮಗ್ಗ ಸಾಕು ಎಂದ. ಅವನು ಕೂಗಾಡಿದ್ದರೆ ನಾನೂ ಕೂಗಾಡಿ ಏನಾದರೂ ಮಾಡುತ್ತಿದ್ದೆ. ತಣ್ಣಗೆ ಹೇಳಿದ. ನಾನು ಉಂಡಿಯ ಚೀಲ ಹಿಡಿದು ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡೆ.

ಇಷ್ಟೆಲ್ಲ ಆದ ಮರುದಿನವೇ ಸಾಸಿವೆ ಡಬ್ಬಿಯ ಹಿಂದಿನಿಂದ ಈ ಬಲ್ಬು ನನ್ನ ಕೈಗೆ ಬಂದದ್ದು.

ಸುಮ್ಮನೆ, ಇನ್ನೂ ಜೀವ ಇದೆಯೋ ನೋಡೋಣವೆಂದು ಬಚ್ಚಲಿನ ಹೋಲ್ಡರಿಗೆ ಕೂಡಿಸಿದೆ. ಹೊತ್ತಿತು. ಆ ಬೆಳಕು ನೋಡಿದ ಕೂಡಲೇ ಏನೋ ಹೊಳೆದಂತಾಗಿ, ಓಡಿಹೋಗಿ ಪಂಚಮಿ ಸೀರೆ ತಂದು, ಬಾಗಿಲು ಹಾಕಿಕೊಂಡು ಬಿಚ್ಚಿದೆ. ಕಪ್ಪು ಪಟ್ಟಿ ಇರಲಿಲ್ಲ. ಇತ್ತು, ಆದರೆ ಕಾಣುತ್ತಿರಲಿಲ್ಲ. ಸೀರೆಯ ಒಡಲೆಲ್ಲ ಒಂದೇ ಕಪ್ಪು. ಬಚ್ಚಲಲ್ಲಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟೆ. ಅಣ್ಣನ ಕಣ್ಣು ಹೋಗಿರಲಿಲ್ಲ. ಐವತ್ತು ವರ್ಷ ಕರ್ರಗೆ ಕಂಡದ್ದನ್ನೇ ನೀಲಿ ಎಂದು ಎತ್ತಿಕೊಂಡ ಕೈ, ಬಿಳಿ ಬೆಳಕಿನಲ್ಲೂ ಕರ್ರಗೆ ಕಂಡದ್ದನ್ನೇ ಎತ್ತಿಕೊಂಡಿತ್ತು. ಈ ಬೆಳಕಿನಲ್ಲಿ ಕರ್ರಗೆ ಕಂಡದ್ದು ಖರೇನೇ ಕಪ್ಪು. ಕೂಡಲೇ ವೈನಿಗೆ ಫೋನು ಮಾಡಿದೆ.

“ವೈನಿ, ಕರೀ ಕಂಡಿಕಿ ಬುಟ್ಟಿ ಎಲ್ಲೈತಿ?”

“ಹೊಸಾ ಲೈಟ ಬಂದ ಮ್ಯಾಲ ಎಲ್ಲಾ ಛಲೋ ಕಾಣತಾವಲ್ರಿ, ಎರಡೆರಡು ಬುಟ್ಟಿ ಯಾಕಂತ ಎಲ್ಲಾ ಒಂದರಾಗ ಹಾಕೀನಿ.”

ಅಣ್ಣನ ಮಗ್ಗ ನಿಲ್ಲಿಸಿದವಳು ನಾನೇ. ವಿಜ್ಞಾನದ ಟೀಚರು, ಬೆಳಕಿನ ಪಾಠ ಮೂವತ್ತು ವರ್ಷ ಕಲಿಸಿದವಳು.

ಮರುದಿನ ಬೆಳಿಗ್ಗೆಯೇ ಬಲ್ಬನ್ನು ಅದೇ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಇಳಕಲ್ ಬಸ್ಸಿಗೆ ಕೂತೆ. ಇಂಥ ಬಲ್ಬು ಬೇಕೆಂದು ಈಗ ಅಂಗಡಿಯಲ್ಲಿ ಕೇಳಿದರೆ ನಮ್ಮನ್ನೇ ಹಳೇ ಸಾಮಾನಿನ ಹಾಗೆ ನೋಡುತ್ತಾರೆ, ಅದಕ್ಕೇ ಅಷ್ಟು ಜೋಪಾನ. ಕಂಡಕ್ಟರು ಬಂದು ನಿಂತ.

“ಏನ್ರಿ ಅಮ್ಮಾರ, ಕೂಸ ಮಲಗೇತೇನು?”

“ಕೂಸಲ್ಲಪಾ, ಬಲ್ಬು.”

“ಇಳಕಲ್ಲಿನಾಗ ಬಲ್ಬ ಸಿಗೂದಿಲ್ರೇನು?”

“ಇಂಥಾದ್ದು ಸಿಗೂದಿಲ್ಲ.”

ಅವನು ನನ್ನ ಮುಖವನ್ನೊಮ್ಮೆ, ಗಂಟನ್ನೊಮ್ಮೆ ನೋಡಿ ಮುಂದಿನ ಸೀಟಿಗೆ ಹೋದ. ಕಮತಗಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತ ಅಜ್ಜಿಗೆ ನಾನು ಇಡೀ ಕತೆ ಹೇಳಿದೆ. ಆಕೆ ಅಮೀನಗಡದವರೆಗೆ ಒಂದೊಂದು ರಸ್ತೆ ಉಬ್ಬಿಗೂ ಗಂಟಿನ ಮೇಲೆ ತನ್ನ ಕೈಯನ್ನೂ ಇಟ್ಟು, “ಸಾವಕಾಶ ಹೊಡಿಯಪಾ,” ಎಂದು ಡ್ರೈವರಿಗೆ ಕೂಗುತ್ತಿದ್ದಳು. ಆಕೆ ಇಳಿದ ಮೇಲೆ ಹುನಗುಂದದ ಹತ್ತಿರ ಬಸ್ಸು ಒಂದು ತೆಗ್ಗಿಗೆ ಇಳಿದು ಎದ್ದಿತು. ಬಸ್ಸಿನವರೆಲ್ಲ ಒಮ್ಮೆ ಮೇಲೆ ಹಾರಿ ಕೂತೆವು.

ಮನೆ ಮುಟ್ಟಿದಾಗ ಅಣ್ಣ ಅಡಿಗೆಮನೆಯಲ್ಲಿದ್ದ. ವೈನಿ ನನ್ನನ್ನು ಬಾಗಿಲಲ್ಲೇ ಹಿಡಿದು ಪಿಸುಗುಟ್ಟಿದಳು: “ಎರಡ ದಿನದಿಂದ ರೊಟ್ಟಿ ಹ್ಯಾಂಗ ಬಡೀಬೇಕಂತ ನನಗ ಕಲಸಾಕತ್ತಾರ. ಏನರ ಮಾಡಿ ಇವರನ್ನ ಮತ್ತ ಕುಣಿಯಾಗ ಇಳಸ್ರಿ.”

ನಾನು ಅಣ್ಣನನ್ನು ಮಗ್ಗದ ಕೋಣೆಗೆ ಎಳೆತಂದು, ಸೀರೆ ಬಿಚ್ಚಿ, ಎಲ್ಲ ಹೇಳಿದೆ. ತಪ್ಪು ನಂದು ಎಂದೂ ಹೇಳಿದೆ. ಅಣ್ಣ ನಂಬಲಿಲ್ಲ. “ನನ್ನ ಸಮಾಧಾನಕ್ಕ ಹೇಳತಿ,” ಎಂದ. ಆತು, ನೋಡೇ ಬಿಡು ಎಂದು ಸ್ಟೂಲು ಹತ್ತಿ ಬಿಳಿ ಬಲ್ಬು ತೆಗೆದು ಹಳೆಯದನ್ನು ಕೂಡಿಸಿ, ಬಹಳ ಗತ್ತಿನಿಂದ ಬಟನ್ ಒತ್ತಿದೆ.

ಹೊತ್ತಲಿಲ್ಲ.

ಬಲ್ಬು ತೆಗೆದು ಕಿವಿಯ ಹತ್ತಿರ ಅಲುಗಿಸಿದರೆ ಒಳಗೆ ಸಣ್ಣಗೆ ಟಿಣ್ ಎಂದಿತು. ಹುನಗುಂದದ ತೆಗ್ಗು. ಸ್ಟೂಲಿನ ಮೇಲೆ ನಿಂತಲ್ಲೇ ನನಗೆ ಅಳು ಬಂತು. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಸತ್ತ ಬಲ್ಬು ಹಿಡಿದು ಮೂಗು ಸೇದುತ್ತ ನಿಂತದ್ದು ಅಣ್ಣನಿಗೆ ನೋಡಲಾಗಲಿಲ್ಲವೇನೋ. “ತಾ ಇಲ್ಲೆ,” ಎಂದು ಬಲ್ಬು ಇಸಿದುಕೊಂಡು ಬಾಗಿಲಿಗೆ ಹೋದ. ಶ್ರಾವಣದ ಮೋಡದ ಬೆಳಕು. ಬಲ್ಬನ್ನು ಆಕಾಶಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನ ತಿರುಗಿಸಿದ.

“ಎಡಗಡೆ ತುದಿ ಬಿಟ್ಟೈತಿ. ಕೂದಲಷ್ಟ.”

ನಾನು ಚಾಳೀಸು ಹಾಕಿಕೊಂಡು ಅವನ ಭುಜದ ಮೇಲಿಂದ ನೋಡಿದೆ. ಗಾಜು ಬಿಟ್ಟು ಬೇರೇನೂ ಕಾಣಲಿಲ್ಲ. “ನಿನಗ ಅದು ಕಾಣತೈತಾ ಅಣ್ಣಾ?”

“ಯಾಕ, ನಿನಗ ಕಾಣವಲ್ದೇನು? ಇಕಾ, ಇಲ್ಲೆ.”

ವೈನಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. “ಕಣ್ಣ ಹೋಗ್ಯಾವಂತ,” ಎಂದಳು ವೈನಿ, ಗೋಡೆಗೆ ಹೇಳಿದಂತೆ.

ಅಣ್ಣನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬಲ್ಬನ್ನು ಮೆಲ್ಲಗೆ ವಾಲಿಸತೊಡಗಿದ, ಒಂದಿಷ್ಟು ಹಿಂದೆ, ಒಂದಿಷ್ಟು ಪಕ್ಕಕ್ಕೆ, ಬೆರಳಿನಿಂದ ಒಮ್ಮೆ ತಟ್ಟಿ. ಈ ಸಲ ನಾನು ಉಸಿರು ಬಿಡಲಿಲ್ಲ. ಹಾಗೇ ಓರೆ ಹಿಡಿದುಕೊಂಡು ಬಂದು, ಹೋಲ್ಡರನ್ನೂ ಓರೆ ಮಾಡಿ ಕೂಡಿಸಿ, “ಬಟನ್ ಒತ್ತು,” ಎಂದ. ಒಳಗೆ ಒಂದು ಕಿಡಿ ಹಾರಿತು. ಹಳದಿ ಬೆಳಕು ಕೋಣೆ ತುಂಬಿತು. ಸೀರೆಯ ಮೇಲಿನ ಕಪ್ಪು ಪಟ್ಟಿ ಅವನ ಕಣ್ಣೆದುರೇ ನೀಲಿಯೊಳಗೆ ಮುಳುಗಿಹೋಯಿತು.

ಅಣ್ಣ ಬಹಳ ಹೊತ್ತು ಆ ಸೀರೆಯನ್ನೇ ನೋಡಿದ. ಆಮೇಲೆ ಸಣ್ಣಗೆ ನಕ್ಕ. “ಬಿಳೀದನ್ನ ಬಿಸಾಕಬ್ಯಾಡ. ಇದು ಎಷ್ಟ ದಿನ ಬಂದೀತು? ದಿನಾ ಒಂದ ತಾಸು ಅದನ್ನ ಹಚ್ಚಿಕೊಂಡು ಬಣ್ಣ ಕಲೀತೇನಿ, ಮತ್ತ ಸಾಲ್ಯಾಗಿನಂಗ ಒಂದನೇತ್ತಾದಿಂದ. ಅಕ್ಕೋರು ಕಲಸ್ತಾರೇನು?” ವೈನಿ ಆಗಲೇ ಅಟ್ಟ ಹತ್ತಿದ್ದಳು, ಹಿಟ್ಟಿನ ಚೀಲದ ಜೊತೆ ಗೂಡಿನ ಹಳೆಯ ಬುಟ್ಟಿಯನ್ನೂ ತಂದು, ಕರೀ ಕಂಡಿಕಿಗಳನ್ನು ಹೊರಗಿನ ಬೆಳಕಿನಲ್ಲಿ ಒಂದೊಂದಾಗಿ ಆರಿಸಿ ಅದಕ್ಕೆ ಹಾಕಿದಳು.

ಆ ಸೀರೆಯನ್ನು ನಾನು ಯಾರಿಗೂ ಕೊಡುವುದಿಲ್ಲ, ಉಟ್ಟು ಓಡಾಡುತ್ತೇನೆ. ಕಪ್ಪು ಪಟ್ಟಿ ಹೊಸ ಡಿಸೈನೇ ಎಂದು ಕೇಳಿದವರಿಗೆ ಹೌದೆನ್ನುತ್ತೇನೆ.

ಅವತ್ತು ಅಣ್ಣ ಲಾಳಿಯ ಹಿಟ್ಟು ಒರೆಸಿ, ಕುಣಿಯಲ್ಲಿ ಕಾಲು ಇಳಿಬಿಟ್ಟ. ಕೈ ಬುಟ್ಟಿಗೆ ಹೋಯಿತು, ಕರ್ರಗೆ ಕಂಡ ಕಂಡಿಕಿಯೊಂದನ್ನು ಸರ್ರನೆ ಎತ್ತಿಕೊಂಡಿತು. ಇದೂ ಎಲ್ಲಾದರೂ ಕಪ್ಪೇ ಏನೋ ಎಂದು ನಾನು ಮಗ್ಗದ ಅಂಚಿಗೆ ಬಂದು ಬಗ್ಗಿ ನೋಡಿದೆ. ಅಣ್ಣ ತಲೆ ಎತ್ತಲಿಲ್ಲ.

“ಏ, ಅತ್ತಾಗ ಸರಿ. ಬೆಳಕಿಗೆ ಅಡ್ಡ ನಿಂತೀ.”